ಹೇಂಟೆಯಿಲ್ಲದ ಮರಿ

ಬಿಳಿಗೆರೆ
3-7-2024

ನಿರ್ಮಲಾ,

ನಿನ್ನ ಕ್ಷೇಮ ವಿಚಾರಿಸಲು ಬರೆದ ಕಾಗದವಲ್ಲ ಇದು. ನಿನ್ನ ಕೋಳಿಮರಿಗಳು ಸಾಯುತ್ತಿವೆ. ಅದನ್ನು ತಿಳಿಸಲು ಬರೆಯುತ್ತಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತು. ಮೊನ್ನೆ ನಿನ್ನ ಗಂಡ ಗಂಗರಾಜು ನಂಬರು ಒತ್ತಿ ನನ್ನ ಕೈಗೆ ಕೊಟ್ಟ. ನಾನು ಹಲೋ ಎಂದದ್ದಷ್ಟೆ, ನೀನು ಇಟ್ಟುಬಿಟ್ಟೆ. ಸರಿ. ಅತ್ತೆಯ ದನಿ ಕೇಳಲು ಇಷ್ಟವಿಲ್ಲದಿದ್ದರೆ ಬೇಡ. ಕಾಗದಕ್ಕೆ ದನಿಯಿಲ್ಲ. ಓದಿ ಹರಿದು ಹಾಕು, ಆದರೆ ಓದು.

ನೀನು ಹಂದನಕೆರೆಗೆ ಹೊರಟಾಗ ಮರಿಗಳು ಒಂಬತ್ತು ಇದ್ದವು. ಈಗ ಅರ್ಧ ಉಳಿದಿಲ್ಲ. ಮೊದಲನೆಯದು ರೆಕ್ಕೆ ಜೋಲು ಬಿಟ್ಟು ಮೂಲೆಯಲ್ಲಿ ನಿಂತಿತು. ತೂಕಡಿಸುತ್ತಿದೆ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ಅದು ಹಾಗೇ ನಿಂತ ಜಾಗದಲ್ಲಿ ಮಗುಚಿತ್ತು. ಆಮೇಲೆ ಒಂದರ ಹಿಂದೆ ಒಂದು. ಮೈಯ ಪುಕ್ಕವೆಲ್ಲ ಕೆದರಿ, ಕಣ್ಣು ಮುಚ್ಚಿ, ಚಳಿಯಲ್ಲಿ ಕೂತ ಮುದುಕರ ಹಾಗೆ ಕೂರುತ್ತವೆ. ಹಿಕ್ಕೆಯಲ್ಲಿ ರಕ್ತ ಬೀಳುತ್ತಿದೆ.

ನಾನು ಕೋಳಿ ಸಾಕಿದವಳಲ್ಲ. ಕರು ಹಾಲು ಕುಡಿಯದಿದ್ದರೆ ಏನು ಮಾಡಬೇಕೆಂದು ಗೊತ್ತು. ತೆಂಗಿನ ಸುಳಿಗೆ ದುಂಬಿ ಬಿದ್ದರೆ ಗೊತ್ತು. ಅಟ್ಟದ ಮೇಲಿನ ಕಾಯಿ ಕೊಬ್ಬರಿ ಆಯಿತೋ ಇಲ್ಲವೋ ಎಂದು ಕಿವಿಯ ಹತ್ತಿರ ಕುಲುಕಿ ಹೇಳಬಲ್ಲೆ. ಕೋಳಿ ನೀನು ತಂದ ಕೆಲಸ. ಆದ್ದರಿಂದ ನಿನ್ನನ್ನು ಕೇಳುತ್ತಿದ್ದೇನೆ.

ಹೇಂಟೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತೀಯ. ಅಂದುಕೋ. ನಮ್ಮ ಅನಿತಾಳ ಅತ್ತೆ ಮಾವ ತುರುವೇಕೆರೆಯಿಂದ ಹೇಳದೆ ಕೇಳದೆ ಬಂದು ನಡುಮನೆಯಲ್ಲಿ ಕೂತರು. ಹಿತ್ತಲಲ್ಲಿ ಕೋಳಿ ಓಡಾಡುವುದು ಅವರ ಕಣ್ಣಿಗೆ ಬಿತ್ತು. ಮಗಳನ್ನು ಕೊಟ್ಟ ಬೀಗರಿಗೆ ಕೋಳಿ ಕಾಣಿಸಿ ಬರೀ ಸಾರು ಬಡಿಸುವ ಮನೆ ನಮ್ಮದಲ್ಲ. ನೀನು ಆ ಹೊತ್ತು ಸಂತೆಗೆ ಹೋಗಿದ್ದೆ. ಇದ್ದದ್ದು ಅದೊಂದೇ ಹೇಂಟೆ. ಕುಯ್ಸಿದೆ. ನಿನ್ನ ಜಾಗದಲ್ಲಿ ಬೇರೆ ಸೊಸೆಯಾಗಿದ್ದರೆ ತಾನೇ ಹಿಡಿದು ಕೊಡುತ್ತಿದ್ದಳು.

ಒಂದು ಕೋಳಿಗೋಸ್ಕರ ಗಂಡನ ಮನೆ ಬಿಟ್ಟವಳು ಎಂದು ಊರು ಆಡಿಕೊಳ್ಳುತ್ತಿದೆ. ಅದು ನಿನಗೆ ಶೋಭೆಯೋ ಅಲ್ಲವೋ ನೀನೇ ಯೋಚಿಸು. ನಾನು ನಿನ್ನನ್ನು ಕರೆಯುತ್ತಿಲ್ಲ. ಹೇಳದೆ ಹೋದವರು ಹೇಳಿಸಿಕೊಳ್ಳದೆ ಬರಬೇಕು. ಮರಿಗಳಿಗೆ ಏನು ಕೊಡಬೇಕು, ಅಷ್ಟು ಬರೆ.

ನಿನ್ನ ಅತ್ತೆ
ಚಿಕ್ಕಗೌರಮ್ಮ


ಹಂದನಕೆರೆ
8-7-2024

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ನೀವು ಹೇಳುವುದು ರಕ್ತಭೇದಿ. ಮಳೆಗಾಲದಲ್ಲಿ ಈ ವಯಸ್ಸಿನ ಮರಿಗಳಿಗೆ ಬರುತ್ತದೆ. ಕರುಳಿನ ಒಳಗೆ ಹುಣ್ಣಾಗುತ್ತದೆ. ಪಶು ಆಸ್ಪತ್ರೆಯಲ್ಲಿ ನೀರಿಗೆ ಕಲಸುವ ಪುಡಿ ಕೊಡುತ್ತಾರೆ. ಆ ನೀರು ಬಿಟ್ಟು ಬೇರೆ ನೀರು ಕುಡಿಯಲು ಬಿಡಬೇಡಿ. ಕುಡಿಯದಿದ್ದರೆ ಇಂಕ್ ಫಿಲ್ಲರಿನಲ್ಲಿ ಕೊಕ್ಕಿನ ಪಕ್ಕಕ್ಕೆ ತೊಟ್ಟು ತೊಟ್ಟಾಗಿ ಬಿಡಿ. ನೇರ ಬಾಯಿಗೆ ಸುರಿದರೆ ಉಸಿರುಗಟ್ಟುತ್ತದೆ. ರಾಗಿ ಅಂಬಲಿ ತೆಳ್ಳಗೆ ಕೊಡಿ. ಕಾಯಿ ತುರಿ ಬೇಡ, ಭೇದಿ ಹೆಚ್ಚುತ್ತದೆ.

ಚೆನ್ನಾಗಿರುವುದನ್ನು ಕಾಯಿಲೆಯದರಿಂದ ಬೇರೆ ಮಾಡಿ. ಹಿಕ್ಕೆಯ ಮೇಲೆ ಇನ್ನೊಂದು ಓಡಾಡಿ ಕಾಳು ಹೆಕ್ಕಿದರೆ ಅದಕ್ಕೂ ಬರುತ್ತದೆ.

ಮರಿಗಳ ಕೆಳಗೆ ಏನು ಹಾಸಿದ್ದೀರಿ? ಅದನ್ನು ನೀವು ಬರೆದಿಲ್ಲ.

ಹೇಂಟೆ ಇದ್ದಾಗ ಅದು ಕೆದಕಿ ಕೆದಕಿ ಒಣಗಿದ ಜಾಗ ಹುಡುಕಿ, ಅಲ್ಲಿಗೇ ಮರಿಗಳನ್ನು ಕರೆದುಕೊಂಡು ಹೋಗುತ್ತಿತ್ತು. ನಾನು ಏನೂ ಮಾಡುತ್ತಿರಲಿಲ್ಲ. ಬರೀ ನೋಡುತ್ತಿದ್ದೆ.

ಇಲ್ಲಿ ಅಣ್ಣ ರುದ್ರೇಶ್, ಅತ್ತಿಗೆ ಎಲ್ಲ ಸೌಖ್ಯ.

ನಿರ್ಮಲಾ


ಬಿಳಿಗೆರೆ
14-7-2024

ನಿರ್ಮಲಾ,

ಒಂದೇ ಒಂದು ಉಳಿದಿದೆ. ಬೂದು ಬಣ್ಣದ್ದು, ಕುತ್ತಿಗೆಯ ಹತ್ತಿರ ಪುಕ್ಕ ಕಡಿಮೆ ಇರುವುದು. ನಿನಗೆ ಗುರುತು ಸಿಕ್ಕೀತು. ಎಲ್ಲಕ್ಕಿಂತ ಸಣಕಲು ಅದೇ ಇತ್ತು. ಅದೇ ಮೊದಲು ಹೋಗುತ್ತದೆ ಎಂದುಕೊಂಡಿದ್ದೆ.

ಏನು ಹಾಸಿದ್ದೆ ಎಂದು ಕೇಳಿದೆಯಲ್ಲ. ತೆಂಗಿನ ನಾರಿನ ಪುಡಿ. ಹೇಂಟೆಯಿಲ್ಲದ ಮರಿಗಳು, ನೆಲದ ತಂಪು ಹತ್ತಬಾರದೆಂದು ನಾನೇ ನಾರಿನ ಫ್ಯಾಕ್ಟರಿಯಿಂದ ಎರಡು ಚೀಲ ತರಿಸಿ, ಅಟ್ಟದ ಕೆಳಗಿನ ಕೋಣೆಯಲ್ಲಿ ಗೇಣು ದಪ್ಪ ಹಾಸಿದ್ದೆ. ಹಾಸಿಗೆಯ ಹಾಗೆ ಮೆತ್ತಗಿತ್ತು. ಕೈಯಿಟ್ಟು ನೋಡಿ ಸಂತೋಷವೂ ಪಟ್ಟಿದ್ದೆ. ನಿನ್ನ ಕಾಗದ ಬಂದ ಮೇಲೆ ಮೇಲಿನ ಪದರ ಸರಿಸಿ ಒಳಗೆ ಬೆರಳಿಟ್ಟೆ. ಬಿಸಿಯಾಗಿ, ಒದ್ದೆಯಾಗಿ, ಹುಳಿ ವಾಸನೆ. ಮರಿಗಳು ಚೆಲ್ಲಿದ ನೀರೆಲ್ಲ ಅಲ್ಲೇ ಕೂತಿತ್ತು.

ಬೇಸಿಗೆಯಲ್ಲಿ ಪ್ರತಿ ಮರದ ಬುಡಕ್ಕೂ ಈ ಪುಡಿ ಹಾಕಿಸುವವಳು ನಾನು. ಯಾಕೆ ಹಾಕಿಸುತ್ತೇನೆ? ಒಂದು ಸಲ ನೀರು ಬಿಟ್ಟರೆ ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ ಎಂದು. ಅದು ಗೊತ್ತಿದ್ದವಳೇ ಅದರ ಮೇಲೆ ಮರಿಗಳನ್ನು ಬಿಟ್ಟೆ. ಮರಕ್ಕೆ ಒಳ್ಳೆಯದಾದದ್ದು ಎಲ್ಲಕ್ಕೂ ಒಳ್ಳೆಯದೆಂದು ನಮ್ಮ ಕಡೆಯವರ ತಲೆಯಲ್ಲಿ ಕೂತುಬಿಟ್ಟಿದೆ. ಎಲ್ಲವನ್ನೂ ಗುಡಿಸಿ ತೆಗೆಸಿದೆ. ಈಗ ಬೂದಿ, ಅದರ ಮೇಲೆ ಒಣಗಿದ ರಾಗಿ ಹುಲ್ಲು. ದಿನಾ ಬದಲಾಯಿಸುತ್ತೇನೆ.

ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಆಸ್ಪತ್ರೆಗೆ ತೆಗೆದುಕೊಂಡು ಹೋಗಿದ್ದೆ. ಹೊಸದಾಗಿ ಬಂದ ಡಾಕ್ಟರಮ್ಮ, ಶಿಲ್ಪ ಎಂದು ಹೆಸರು, ನಿನ್ನ ವಯಸ್ಸಿನವಳು. ಮರಿಯ ಹೊಟ್ಟೆ ಒತ್ತಿ ನೋಡಿ, "ಅಮ್ಮಾ, ಬದುಕಿದ್ರೂ ಇದು ಅಷ್ಟಾಗಿ ಬೆಳೆಯಲ್ಲ ಕಣ್ರೀ. ಕರುಳು ಪೂರ್ತಿ ಗಾಯ ಆಗಿದೆ. ಒಂದ್ ನಾಟಿ ಮರಿಗೆ ಯಾಕಿಷ್ಟು ಓಡಾಡ್ತೀರಿ?" ಎಂದಳು.

"ನಿಮ್ಮ ಹತ್ರ ಔಷಧಿ ಕೇಳಕ್ಕೆ ಬಂದೀನಿ, ಯಾಕೆ ಅಂತ ಹೇಳಕ್ಕಲ್ಲ" ಎಂದೆ. ನಕ್ಕು ಪುಡಿ ಕೊಟ್ಟಳು. ಮೊಬೈಲಿನಲ್ಲಿ ನನ್ನ ನಂಬರನ್ನೂ ಬರೆದುಕೊಂಡಳು.

ನಿಮ್ಮ ಮಾವ ಸುಮ್ಮನಿರುತ್ತಾರೆಯೇ. ಜಗಲಿಯ ಮೇಲೆ ಕೂತು ನಾನು ಫಿಲ್ಲರು ಹಿಡಿದಿರುವುದನ್ನು ನೋಡುತ್ತ, "ಬಾಣಂತನ ಜೋರಾಗೈತೆ ಕಣಮ್ಮಣ್ಣಿ. ಅನಿತಂಗೂ ಇಂಗೆ ಮಾಡ್ಲಿಲ್ಲ ನೀನು" ಎಂದರು. ನಾನು ತಿರುಗಿ ನೋಡಲಿಲ್ಲ. ಆಮೇಲೆ, ತಗ್ಗಿದ ದನಿಯಲ್ಲಿ, "ಸೊಸೇಗೆ ಇಕ್ಕದ್ದೆಲ್ಲ ಕೋಳೀಗೆ ಇಕ್ತಾವ್ಳೆ" ಎಂದರು. ಅದೂ ಕೇಳಿಸಿತು. ಅವರಿಗೆ ಎಪ್ಪತ್ತಾದರೂ ಯಾವ ಮಾತನ್ನು ಎಲ್ಲಿ ಆಡಬೇಕೆಂದು ತಿಳಿಯಲಿಲ್ಲ.

ಮರಿ ಅಂಬಲಿ ಕುಡಿಯುತ್ತಿಲ್ಲ. ಕೊಕ್ಕಿನ ಪಕ್ಕದಿಂದ ಹೊರಕ್ಕೆ ಬರುತ್ತದೆ. ಇನ್ನೇನಾದರೂ ಉಪಾಯವಿದ್ದರೆ ಬರೆ.

ನಿನ್ನ ಅತ್ತೆ
ಚಿಕ್ಕಗೌರಮ್ಮ


ಹಂದನಕೆರೆ
21-7-2024

ಅತ್ತೆಯವರಿಗೆ ನಮಸ್ಕಾರ.

ಅಂಬಲಿ ಬಿಡಿ. ನೀರು ಮಜ್ಜಿಗೆ ಕೊಡಿ, ಉಪ್ಪು ಹಾಕದೆ. ಅಂಗೈಯಲ್ಲಿ ಅದರ ಎದೆ ಆನಿಸಿ ಹಿಡಿದುಕೊಳ್ಳಿ. ಕೈಯ ಬಿಸಿ ಹತ್ತಿದರೆ ನುಂಗುತ್ತದೆ. ನಮ್ಮ ಅಮ್ಮ ಹಾಗೆ ಮಾಡುತ್ತಿದ್ದಳು.

ನಿಮ್ಮ ಮೊದಲ ಕಾಗದಕ್ಕೆ ನಾನು ಪೂರ್ತಿ ಉತ್ತರ ಬರೆದಿರಲಿಲ್ಲ. ಬರೆಯಬಾರದೆಂದೇ ಇದ್ದೆ. ಆದರೆ ಕೋಳಿಗೋಸ್ಕರ ಮನೆ ಬಿಟ್ಟೆ ಎಂದು ಊರು ಆಡಿದರೆ ಆಡಲಿ, ನೀವೂ ಹಾಗೆಂದು ನಂಬಿಕೊಂಡು ಇರಬಾರದು.

ಆ ಹೇಂಟೆಯನ್ನು ನಮ್ಮ ಅಮ್ಮ ಭೈರಮ್ಮ ಆಸ್ಪತ್ರೆಗೆ ಸೇರುವ ಹಿಂದಿನ ದಿನ ನನ್ನ ಮಡಿಲಿಗೆ ಹಾಕಿದಳು. "ಅಣ್ಣತಮ್ಮಂದಿರು ತೋಟ ಹಂಚ್ಕಂತಾರೆ. ನಿಂಗೆ ಇದು ಕಣವ್ವ. ಕೂತು ಮರಿ ಮಾಡ್ಲಿ, ನಿನ್ ಹಿತ್ಲಾಗೆ ನಿಂದೂ ಅಂತ ಒಂದಿರ್ಲಿ" ಎಂದಳು. ಅಮ್ಮ ಮತ್ತೆ ಮನೆಗೆ ಬರಲಿಲ್ಲ. ಇದು ನಿಮಗೆ ಗೊತ್ತಿತ್ತು. ನಾನು ಹೇಳಿದ್ದೆ.

ಆ ದಿನ ಸಂತೆಯಿಂದ ಬಂದು ಪುಕ್ಕ ನೋಡಿದಾಗ ನಾನು ಜಗಳವಾಡಲಿಲ್ಲ. ಅಡಿಗೆಮನೆ ಬಾಗಿಲಲ್ಲಿ ನಿಂತೆ ಅಷ್ಟೆ. ನೀವು ಬೀಗರ ಎದುರಿಗೆ, ಕೈಯಲ್ಲಿ ಸೌಟು ಹಿಡಿದು, "ಯಾಕೆ ಮಕ ಊದಿಸ್ಕಂಡು ನಿಂತ್ಯೇ? ನಿನ್ ತವರಿಂದ ಬಂದಿದ್ದು ಅದೊಂದೇ ಅಲ್ವಾ, ಅದೂ ಮುಗೀತು ಬುಡು" ಎಂದಿರಿ. ಬೀಗರು ನಕ್ಕರು.

ಅದನ್ನೂ ನಾನು ನುಂಗುತ್ತಿದ್ದೆ. ಆ ಮನೆಯಲ್ಲಿ ಏಳು ವರ್ಷ ಎಷ್ಟೋ ನುಂಗಿದ್ದೇನೆ. ಆದರೆ ಪಂಕ್ತಿಯ ಕೊನೆಗೆ ಅವರು ಕೂತಿದ್ದರು. ನಿಮ್ಮ ಮಗ. ನನ್ನ ಕಡೆ ನೋಡಿದರು. ಅದು ಯಾವ ಕೋಳಿ ಎಂದು ಅವರಿಗೆ ಗೊತ್ತಿತ್ತು. ಆಮೇಲೆ ತಲೆ ತಗ್ಗಿಸಿ ಉಂಡರು. ನೀವು ಎರಡನೆಯ ಸಲ ಬಡಿಸಿದಿರಿ. ಬೇಡ ಎನ್ನಲಿಲ್ಲ.

ನಾನು ಬಿಟ್ಟು ಬಂದದ್ದು ಅದಕ್ಕೆ.

ಇಲ್ಲಿ ಅತ್ತಿಗೆ ಒಳ್ಳೆಯವಳು, ಆದರೆ ಎಷ್ಟು ದಿನ ಎಂದು ಕೇಳದೆ ಕೇಳುತ್ತಾಳೆ. ಮುಂದಿನ ವಾರ ಹುಳಿಯಾರಿಗೆ ಹೋಗುತ್ತೇನೆ. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡಿಗೆಗೆ ಜನ ಬೇಕಂತೆ. ವಿಳಾಸ ಕೆಳಗೆ ಬರೆದಿದ್ದೇನೆ. ಮರಿಯ ಸಮಾಚಾರವಿದ್ದರೆ ಅಲ್ಲಿಗೆ ಬರೆಯಿರಿ.

ನಿರ್ಮಲಾ


ಬಿಳಿಗೆರೆ
4-8-2024

ನಿರ್ಮಲಾ,

ಮರಿ ಮಜ್ಜಿಗೆ ನುಂಗಿತು.

ನೀನು ಹೇಳಿದ ಹಾಗೆ ಅಂಗೈಯಲ್ಲಿ ಎದೆ ಆನಿಸಿ ಹಿಡಿದೆ. ಮೊದಲು ಕಣ್ಣು ತೆರೆಯಲಿಲ್ಲ. ಅದರ ಎದೆ ಎಷ್ಟು ಬೇಗ ಹೊಡೆದುಕೊಳ್ಳುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗಂಟಲು ಆಡಿತು. ಈಗ ಹಿಕ್ಕೆಯಲ್ಲಿ ರಕ್ತವಿಲ್ಲ. ಪುಕ್ಕ ಮೈಗೆ ಕೂತಿದೆ. ನವಣೆ ಚೆಲ್ಲಿದರೆ ಹೆಕ್ಕುತ್ತದೆ. ನಾನು ಅಂಗಳಕ್ಕೆ ಬಂದರೆ ನನ್ನ ಕಾಲಿನ ಮೇಲೆ ಹತ್ತಿ ಕೂರುತ್ತದೆ, ಬೇರೆ ಜಾಗವೇ ಇಲ್ಲವೇನೋ ಎನ್ನುವ ಹಾಗೆ. ಕಸ ಗುಡಿಸಲು ಬಿಡುವುದಿಲ್ಲ. ನಿಮ್ಮ ಮಾವನಿಗೆ ಇದೊಂದು ಆಟವಾಗಿದೆ. ತೋಟದಿಂದ ಬಂದವರು ಚಪ್ಪಲಿ ಬಿಡುವ ಮೊದಲೇ "ಎಲ್ಲವ್ಳೇ ನಿನ್ ಸೊಸೆ?" ಎಂದು ಕೇಳುತ್ತಾರೆ. ಬೇರೆಯವರು ಕೇಳಿದರೆ ಏನೆಂದುಕೊಳ್ಳುತ್ತಾರೆ ಎಂಬ ಯೋಚನೆಯಿಲ್ಲ.

ನಿನ್ನ ಕಾಗದ ಓದಿದೆ. ಮಡಿಸಿಟ್ಟು ಮತ್ತೊಮ್ಮೆ ಓದಿದೆ. ಆಡಿದ ಮಾತು ಆಡಿದ್ದಾಯಿತು. ಬೀಗರ ಮುಂದೆ ನೀನು ಹಾಗೆ ಬಾಗಿಲಲ್ಲಿ ಸೆಟೆದು ನಿಂತದ್ದೂ ಸರಿಯಲ್ಲ. ಒಳಗೆ ಬಂದು ನನ್ನ ಕಿವಿಯಲ್ಲಿ ಕೇಳಬಹುದಿತ್ತು. ನಾನೂ ಈ ಮನೆಗೆ ಸೊಸೆಯಾಗಿ ಬಂದವಳೇ. ನನ್ನ ಅತ್ತೆ ನನ್ನ ತವರಿನ ಹಿತ್ತಾಳೆ ಕೊಳಗವನ್ನು ನನ್ನೆದುರಿಗೇ ತೆಗೆದು ತನ್ನ ಮಗಳ ಗಾಡಿಗೆ ಹಾಕಿದಳು. ನಾನು ಎಲ್ಲಿಗೂ ಹೋಗಲಿಲ್ಲ. ಆಗ ಹೋಗುವ ಜಾಗಗಳೂ ಇರಲಿಲ್ಲ ಅನ್ನು.

ಹಾಸ್ಟೆಲಿನಲ್ಲಿ ಅಡಿಗೆ ಎಂದರೆ ದೊಡ್ಡ ಹಂಡೆ ಎತ್ತಬೇಕು. ನಿನಗೆ ಸೊಂಟ ನೋವು ಇದೆ. ಆ ವಿಷಯ ಅವರಿಗೆ ಹೇಳಿದ್ದೀಯಾ?

ಗಂಗರಾಜು ನಿನ್ನ ವಿಳಾಸ ಕೇಳಿದ. ಕೊಡಲಿಲ್ಲ. ನಿನ್ನನ್ನು ಕೇಳಿ ಕೊಡುತ್ತೇನೆ.

ನಿನ್ನ ಅತ್ತೆ
ಚಿಕ್ಕಗೌರಮ್ಮ


ಹುಳಿಯಾರು
11-8-2024

ಅತ್ತೆಯವರಿಗೆ ನಮಸ್ಕಾರ.

ಮರಿ ಉಳಿದದ್ದು ತಿಳಿದು ನಿಂತಲ್ಲೇ ನಿಂತುಬಿಟ್ಟೆ. ಅನ್ನ ತಳ ಹಿಡಿಯಿತು. ಹಾಸ್ಟೆಲಿನ ಮಕ್ಕಳು ನಕ್ಕರು.

ಇಲ್ಲಿ ನನಗೆ ಒಂದು ಕೋಣೆ ಕೊಟ್ಟಿದ್ದಾರೆ. ಹಿಂದೆ ಸ್ವಲ್ಪ ಜಾಗವಿದೆ, ನೆಲ ಗಟ್ಟಿ, ಬಿಸಿಲು ಚೆನ್ನಾಗಿ ಬೀಳುತ್ತದೆ, ನೀರು ನಿಲ್ಲುವುದಿಲ್ಲ. ವಾರ್ಡನ್ ಶಾಂತಕುಮಾರಿಯವರನ್ನು ಕೇಳಿದೆ. ಅವರ ಮನೆಯಲ್ಲಿ ಕೋಳಿ ಮುಟ್ಟುವುದಿಲ್ಲ, ಆದರೂ "ಸಾಕ್ಕೋ, ನನ್ ಕಣ್ಣಿಗೆ ಬೀಳ್ಬಾರ್ದು ಅಷ್ಟೇ" ಎಂದರು.

ಮರಿಯನ್ನು ಕಳಿಸಿಕೊಡಿ. ಮಂಕರಿಯಲ್ಲಿ ಹುಲ್ಲು ಹಾಕಿ ಮೇಲೆ ಬಟ್ಟೆ ಕಟ್ಟಿದರೆ ಬಸ್ಸಿನಲ್ಲಿ ಏನೂ ಆಗುವುದಿಲ್ಲ. ನಿಮ್ಮ ಮಗನ ಕೈಯಲ್ಲಿ ಕಳಿಸುವುದು ಬೇಡ. ಹುಳಿಯಾರು ಬಸ್ಸಿನ ಕಂಡಕ್ಟರ್ ಶಿವಮೂರ್ತಿ ನಮ್ಮೂರಿನವರು, ತಿಪಟೂರು ನಿಲ್ದಾಣದಲ್ಲಿ ಅವರಿಗೆ ಕೊಟ್ಟರೆ ಸಾಕು. ನಾನು ಇಲ್ಲಿ ಇಳಿಸಿಕೊಳ್ಳುತ್ತೇನೆ.

ನೀವು ಅದನ್ನು ಉಳಿಸಿದಿರಿ. ಅದನ್ನು ನಾನು ಮರೆಯುವುದಿಲ್ಲ. ಆದರೆ ಅದು ನನ್ನದು.

ವಿಳಾಸ ಅವರಿಗೆ ಕೊಡಬೇಡಿ.

ನಿರ್ಮಲಾ


ಬಿಳಿಗೆರೆ
16-8-2024

ನಿರ್ಮಲಾ,

ಕಂಡಕ್ಟರುಗಳ ಕೈಯಲ್ಲಿ ಮನೆಯ ಜೀವ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ.

ಮರಿ ನಿನ್ನದು, ನಾನು ಅಲ್ಲವೆನ್ನುವುದಿಲ್ಲ. ತನ್ನದು ಬೇಕಾದವರು ಬಾಗಿಲಿಗೆ ಬಂದು ತೆಗೆದುಕೊಂಡು ಹೋಗಲಿ. ಬಂದವರನ್ನು ನಾನು ತಡೆಯುವುದಿಲ್ಲ, ಇರು ಎಂದೂ ಅನ್ನುವುದಿಲ್ಲ. ಒಂದು ಲೋಟ ನೀರು ಕುಡಿದು ಹೋಗಬಹುದು.

ಭಾನುವಾರ ಹಾಸ್ಟೆಲಿಗೆ ರಜ ಇರುತ್ತದಲ್ಲ.

ಚಿಕ್ಕಗೌರಮ್ಮ


ಹುಳಿಯಾರು
21-8-2024

ಅತ್ತೆಯವರಿಗೆ,

ಕೋಳಿಗೋಸ್ಕರ ಹೋದವಳು ಕೋಳಿಗೋಸ್ಕರ ಬಂದಳು ಎನ್ನಿಸಿಕೊಳ್ಳಲು ನನಗೆ ಇಷ್ಟವಿಲ್ಲ. ನಾನು ಬರುವುದಿಲ್ಲ. ಭಾನುವಾರವೂ ಮಕ್ಕಳಿಗೆ ಹಸಿವಾಗುತ್ತದೆ.

ಎರಡು ದಿನದಿಂದ ಮಳೆ ಹಿಡಿದಿದೆ. ಅಲ್ಲೂ ಹಿಡಿದಿರಬೇಕು. ಒಮ್ಮೆ ಭೇದಿಯಾದ ಮರಿಯ ಕರುಳು ಮೊದಲಿನ ಹಾಗೆ ಇರುವುದಿಲ್ಲ. ಅಂಗಳಕ್ಕೆ ಬಿಡಬೇಡಿ. ಕಳಿಸುವ ಮನಸ್ಸಾದರೆ ಶಿವಮೂರ್ತಿಯವರ ಬಸ್ಸು ಬೆಳಿಗ್ಗೆ ಹೊರಡುತ್ತದೆ.

ನಿರ್ಮಲಾ


ಬಿಳಿಗೆರೆ
1-9-2024

ನಿರ್ಮಲಾ,

ಮರಿಗೆ ಮತ್ತೆ ಬಂದಿದೆ.

ನಿನ್ನ ಕಾಗದ ಕೈಸೇರಿದಾಗ ಅಂಗಳದಲ್ಲೇ ಇತ್ತು. ನನ್ನ ಕಾಲು ಬಿಟ್ಟು ಇರುತ್ತಿರಲಿಲ್ಲ. ಕೂಡಿ ಹಾಕಿದರೆ ಕೂಗಿ ಕೂಗಿ ಸುಸ್ತಾಗುತ್ತಿತ್ತು. ಬಿಟ್ಟೆ. ಸೂರಿನ ನೀರು ಬಿದ್ದು ಕೆಸರಾದ ಜಾಗದಲ್ಲಿ ಕೆದಕುತ್ತಿತ್ತು. ಮೊದಲ ದಿನ ರೆಕ್ಕೆ ಇಳಿಬಿಟ್ಟಾಗಲೇ ನನಗೆ ತಿಳಿಯಿತು. ಈ ಸಲ ತೂಕಡಿಕೆ ಎಂದುಕೊಳ್ಳಲಿಲ್ಲ.

ಪುಡಿ ಕಲಸಿದ ನೀರು ಕೊಟ್ಟೆ. ಮಜ್ಜಿಗೆ ಕೊಟ್ಟೆ. ಅಂಗೈಯಲ್ಲಿ ಹಿಡಿದು ಕೂತೆ. ನುಂಗಲಿಲ್ಲ. ಇವತ್ತು ಬೆಳಿಗ್ಗೆ ಗಂಗರಾಜುವಿಗೆ ಮಂಕರಿಗೆ ಹುಲ್ಲು ಹಾಕು ಎಂದೆ. ಏನು, ಎತ್ತ ಎಂದು ಕೇಳದೆ ಹಾಕಿದ. "ಹುಳಿಯಾರಿಗೆ ಕಳಿಸ್ಬುಡಾಣ. ಅವ್ಳ ಕೈಯಾಗೆ ಬದುಕ್ತದೇನೋ" ಎಂದೆ. ಅಷ್ಟರಲ್ಲಿ ಡಾಕ್ಟರಮ್ಮನಿಗೆ ಫೋನು ಮಾಡಿದ್ದರಿಂದ ಅವಳೇ ಸ್ಕೂಟರಿನಲ್ಲಿ ಬಂದಳು. ರೆಪ್ಪೆ ಬಿಡಿಸಿ ನೋಡಿ ಕೈಬಿಟ್ಟಳು. "ಬಸ್ ಕುಲುಕಾಟಕ್ಕೆ ತಿಪಟೂರೂ ಮುಟ್ಟಲ್ಲಮ್ಮ. ಹದಿನೈದು ದಿನದ ಕೆಳಗೆ ಕಳ್ಸಿದ್ರೆ ಆರಾಮಾಗಿ ಹೋಗೋದು. ಈಗ ಬೇಡ, ಇಲ್ಲೇ ಬೆಚ್ಚಗಿರ್ಲಿ" ಎಂದಳು.

ಹದಿನೈದು ದಿನದ ಕೆಳಗೆ ನಾನು ನಿನಗೆ ಯಾವ ಕಾಗದ ಬರೆಯುತ್ತಿದ್ದೆ ಎಂದು ಆ ಹುಡುಗಿಗೆ ಗೊತ್ತಿಲ್ಲ.

ಮಂಕರಿ ಜಗಲಿಯ ಮೇಲಿದೆ. ಮರಿ ನನ್ನ ಮಡಿಲಲ್ಲಿದೆ. ಒಂದು ಕೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಿವೆ.

ಮುಂದಕ್ಕೆ ಬರೆಯುವುದು, ಸೋಮವಾರ.

ಬೆಳಿಗ್ಗೆ ಹೋಯಿತು. ಒದ್ದಾಡಲಿಲ್ಲ. ಕುತ್ತಿಗೆ ಒಮ್ಮೆ ಚಾಚಿ, ನನ್ನ ಬೆರಳಿನ ಸಂದಿಯಲ್ಲಿ ತಲೆಯಿಟ್ಟಿತು, ಅಷ್ಟೆ.

ನಮ್ಮಲ್ಲಿ ಸತ್ತದ್ದೆಲ್ಲ ತೆಂಗಿನ ಬುಡಕ್ಕೆ. ಕರು ಸತ್ತರೂ ಅಲ್ಲಿಗೆ, ನಾಯಿ ಸತ್ತರೂ ಅಲ್ಲಿಗೆ. ಮರಕ್ಕೆ ಗೊಬ್ಬರವಾಗುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಕಲಿಸಿದವಳು ನಾನೇ. ಇದನ್ನು ಅಲ್ಲಿಗೆ ಹಾಕಿಸಲಿಲ್ಲ. ಗೊಬ್ಬರವಾಗಿ, ಕಾಯಾಗಿ, ತುರಿದು ಮತ್ತೆ ಈ ಮನೆಯವರು ತಿನ್ನುವುದು ಬೇಡ. ಹೊಲದ ಬದುವಿನಲ್ಲಿ, ಏನೂ ಬೆಳೆಯದ ಕಡೆ, ಗಂಗರಾಜು ಗುಂಡಿ ತೆಗೆದ. ಮಣ್ಣು ಎಳೆದ ಮೇಲೆ ಗುದ್ದಲಿ ಊರಿಕೊಂಡು ನಿಂತಿದ್ದ. "ಅವತ್ತು ನಾನು ಉಣ್ಬಾರ್ದಿತ್ತು ಕಣವ್ವ" ಎಂದ. ಜೂನ್ ತಿಂಗಳಿಂದ ಆ ಊಟದ ಬಗ್ಗೆ ಅವನು ಬಾಯಿಬಿಟ್ಟು ಆಡಿದ ಮಾತು ಇದೊಂದೇ.

"ಬಡಿಸಿದ್ದು ನಾನು ಕಣ್ಲಾ" ಎಂದೆ.

"ನೀನು ಬಡಿಸ್ದೆ. ಬಾಯಿ ನಂದೇ ಅಲ್ವಾ" ಎಂದ.

ನೀನು ಬೇಡವೆಂದಿದ್ದೆ, ಆದರೂ ವಿಳಾಸ ಕೊಟ್ಟಿದ್ದೇನೆ. ಮರಿ ಸತ್ತ ಸುದ್ದಿ ಅಂಚೆಯಲ್ಲಿ ಬರುವುದಕ್ಕಿಂತ ಒಬ್ಬ ಮನುಷ್ಯ ಎದುರಿಗೆ ನಿಂತು ಹೇಳುವುದು ಸರಿ. ಈ ಕಾಗದ ಅವನ ಕೈಯಲ್ಲೇ ಬರುತ್ತದೆ. ಅವನ ಚೀಲದಲ್ಲಿ ನಾಲ್ಕು ಜೊತೆ ಬಟ್ಟೆ ಇಟ್ಟಿದ್ದೇನೆ. ಅವನಿಗೆ ಹೇಳಿದ್ದು ಇಷ್ಟೇ: "ಅವ್ಳು ಇರು ಅಂದ್ರೆ ಅಲ್ಲೇ ಇದ್ಬುಡು. ತೋಟ ನಾವು ನೋಡ್ಕಂತೀವಿ. ಇಲ್ಲಿಗೆ ಕರೀಬ್ಯಾಡ." ಹುಳಿಯಾರಿನಲ್ಲೂ ಕಾಯಿ ಮಂಡಿಗಳಿವೆ, ಕಾಯಿ ಸುಲಿಯುವವನಿಗೆ ಎಲ್ಲಿಯಾದರೂ ಕೆಲಸ ಸಿಗುತ್ತದೆ.

ಇದಕ್ಕಿಂತ ಹೆಚ್ಚಿಗೆ ಮಾಡಲು ನನಗೆ ಬರುವುದಿಲ್ಲ.

ನಿನ್ನ ಅತ್ತೆ
ಚಿಕ್ಕಗೌರಮ್ಮ


ಹುಳಿಯಾರು
4-9-2024

ಅತ್ತೆಯವರಿಗೆ ನಮಸ್ಕಾರ.

ಅವರು ಬಂದು ಹೇಳಿದರು. ಕಾಗದವನ್ನೂ ಕೊಟ್ಟರು. ಬದುವಿನಲ್ಲಿ ಯಾವ ಜಾಗ ಎಂದು ಕೇಳಿದೆ, ಹೇಳಿದರು.

ಅವರು ಏನು ಅಂದರೆಂದು ನೀವು ಬರೆದಿದ್ದೀರಿ. ನನಗೂ ಅದೇ ಮಾತು ಹೇಳಿದರು. ಜೂನ್ ತಿಂಗಳಿನಲ್ಲಿ, ನಾನು ಬಾಗಿಲಲ್ಲಿ ನಿಂತಿದ್ದಾಗ, ಎಲೆಯಿಂದ ಕೈ ಎತ್ತಿ ಎದ್ದು ಹೋಗಿದ್ದರೆ ಸಾಕಾಗಿತ್ತು. ಮಾತೂ ಬೇಕಿರಲಿಲ್ಲ. ಈಗ ಆ ಮಾತು ಕೇಳಿ ನನಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಯಾರೋ ಗುರುತಿನವರು, ದಣಿದು ಬಂದಿದ್ದಾರೆ ಅನ್ನಿಸಿತು. ಅದಕ್ಕೇ ನನಗೆ ಹೆದರಿಕೆಯಾಯಿತು. ಸಿಟ್ಟಿದ್ದಿದ್ದರೆ ಇರಿ ಎನ್ನುತ್ತಿದ್ದೆನೇನೋ.

ಸಂಜೆಯ ಬಸ್ಸಿಗೆ ನಾನೇ ಹೋಗಿ ಹತ್ತಿಸಿದೆ. ಚೀಲ ಬಿಚ್ಚಿಸಲಿಲ್ಲ. ಕಿಟಕಿಯ ಹತ್ತಿರ ಜಾಗ ಸಿಕ್ಕಿತು.

ಮತ್ತೆ ಕಳಿಸಬೇಡಿ. ನೀವು ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬರೆದಿರಿ ಎಂದು ಓದಿದೆ. ಅದನ್ನು ನಾನು ಸುಳ್ಳೆಂದುಕೊಳ್ಳುವುದಿಲ್ಲ. ಆದರೆ ನಮ್ಮಿಬ್ಬರಿಗೂ ಬರೆಯಲು ಇದ್ದದ್ದು ಆ ಮರಿಯ ವಿಷಯ ಒಂದೇ. ಇನ್ನು ನನಗೆ ಏನು ಬರೆಯಬೇಕೋ ತಿಳಿಯುವುದಿಲ್ಲ.

ಮಾವನವರಿಗೆ ನಮಸ್ಕಾರ ತಿಳಿಸಿ.

ನಿರ್ಮಲಾ


ಬಿಳಿಗೆರೆ
10-9-2024

ನಿರ್ಮಲಾ,

ಗೌರಿ ಹಬ್ಬ ಕಳೆಯಿತು. ಅನಿತಾ ಬಂದು ಬಾಗಿನ ತೆಗೆದುಕೊಂಡು ಹೋದಳು. ಅಟ್ಟದಿಂದ ಕಾಯಿ ಇಳಿಸುವ ಕೆಲಸ ನಡೆಯುತ್ತಿದೆ. ಮನೆಯ ತುಂಬ ಚಿಪ್ಪಿನ ಸದ್ದು.

ನಿನ್ನ ಕಾಗದವನ್ನು ನಿಮ್ಮ ಮಾವನಿಗೆ ಓದಿ ಹೇಳಿದೆ. ನಡುವೆ ಎಲ್ಲೂ ತಮಾಷೆ ಮಾಡಲಿಲ್ಲ. ಕೊನೆಯ ಸಾಲು ಕೇಳಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋದರು.

ನೀನು ಬಸ್ಸು ಹತ್ತಿಸಿದ ಸಂಜೆ ಗಂಗರಾಜು ಇಳಿದು ಬಂದಾಗ ನಾನು ಜಗಲಿಯಲ್ಲಿದ್ದೆ. ಚೀಲ ಕಂಡಿತು. ಕೈಕಾಲು ತೊಳೆದುಕೊಂಡು ಬಂದವನಿಗೆ ಊಟಕ್ಕೆ ಏಳು ಎಂದೆ. "ಆಯ್ತು ಕಣವ್ವ, ಅವ್ಳೇ ಇಕ್ಕುದ್ಲು" ಎಂದ. ಏನಿಕ್ಕಿದಳು ಎಂದು ಕೇಳಿದೆ. "ಮುದ್ದೆ. ಹೆಸ್ರುಕಾಳ್ ಸಾರು. ಬಿಸೀದಾಗೇ ಇಕ್ಕುದ್ಲು" ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಇದನ್ನು ನೀನು ನನಗೆ ಬರೆದಿರಲಿಲ್ಲ.

ಮನೆಗೆ ಬಂದವರಿಗೆ ಹೇಗೆ ಬಡಿಸಬೇಕೆಂದು ಈ ಊರಿನ ಹೆಂಗಸರಿಗೆಲ್ಲ ನಾನು ಹೇಳಿಕೊಟ್ಟಿದ್ದೇನೆ. ನಿನಗೂ ಹೇಳಿಕೊಟ್ಟಿದ್ದೇನೆ ಎಂದುಕೊಂಡಿದ್ದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಅವತ್ತು ಅವನಿಗೆ ಎಲೆ ಹಾಕುತ್ತಿರಲಿಲ್ಲ.

ಚಿಕ್ಕಗೌರಮ್ಮ